ಡಯಾಲಿಸಿಸ್ ಯೋಜನೆಯ ಲೆಕ್ಕಕ್ಕೆ ಬಾರದ ಮಗುವಿನ ಎತ್ತರ

2016-17ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಬಡ ರೋಗಿಗಳಿಗೆ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಸೇವೆ ದೊರಕುವಂತಾದುದು ಸ್ತುತ್ಯರ್ಹ. ಪುಟ್ಟ ಮಕ್ಕಳಿಗೆ ಹೆಚ್ಚು ಹೊಂದುವ, ಮನೆಯಲ್ಲಿಯೇ ಮಾಡಬಹುದಾದ ಪೆರಿಟೋನಿಯಲ್ ಡಯಾಲಿಸಿಸ್‌ಗೂ 2019ರಲ್ಲಿ ಮಾರ್ಗಸೂಚಿ ಹೊರಬಂದಿತು. ಆದರೆ ಈ ನೆರವು ಒದಗುವುದು ಮೂತ್ರಪಿಂಡಗಳು ಬಹುತೇಕ ಕೆಲಸ ನಿಲ್ಲಿಸಿದ ಮೇಲೆ. ಮಗುವಿನ ಮಟ್ಟಿಗೆ ಅದಕ್ಕೂ ಎಷ್ಟೋ ಮೊದಲೇ ಇನ್ನೊಂದು ನಷ್ಟ ಸಂಭವಿಸಿರುತ್ತದೆ. ಅದು ಎತ್ತರದ ನಷ್ಟ.

ವಯಸ್ಕರಲ್ಲಿ ಈ ರೋಗದ ಹಿಂದೆ ಹೆಚ್ಚಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುತ್ತವೆ. ಮಕ್ಕಳಲ್ಲಿ ಬಹುಪಾಲು ಪ್ರಕರಣಗಳಿಗೆ ಮೂತ್ರಪಿಂಡ ಅಥವಾ ಮೂತ್ರನಾಳದ ಹುಟ್ಟುದೋಷಗಳೇ ಕಾರಣ. ಆರೋಗ್ಯವಂತ ಶಿಶುವು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆ ಮುಖ್ಯವಾಗಿ ಆಹಾರವನ್ನೇ ಅವಲಂಬಿಸಿದೆ. ರೋಗಪೀಡಿತ ಶಿಶುವಿಗೆ ಹಸಿವಿಲ್ಲ, ಕುಡಿದದ್ದು ವಾಂತಿಯಾಗುತ್ತದೆ, ರಕ್ತದಲ್ಲಿ ಆಮ್ಲಾಂಶ ಏರುತ್ತದೆ. ನಮ್ಮ ಬ್ಯಾಂಕಿನಲ್ಲಿ ಆವರ್ತಕ ಠೇವಣಿಯ ತಪ್ಪಿದ ಕಂತನ್ನು ದಂಡಸಹಿತ ಕಟ್ಟಿಸಿಕೊಳ್ಳುತ್ತೇವೆ. ಈ ಕಂತಿಗೆ ಅಂತಹ ಸೌಲಭ್ಯ ಬಹಳ ಕಡಿಮೆ. ಮುಂದೆ ಮೂತ್ರಪಿಂಡ ಕಸಿಯಾದರೂ ಕಳೆದ ಎತ್ತರ ಪೂರ್ತಿಯಾಗಿ ಮರಳುವುದು ಅಪರೂಪ.

ಇಲ್ಲಿ ನಮ್ಮ ಮನೆಗಳ ತಪ್ಪೂ ಇದೆಯೆಂದು ಹೇಳದೆ ವಿಧಿಯಿಲ್ಲ. ನಾವು ಬಲ್ಲ ಕುಟುಂಬವೊಂದರಲ್ಲಿ ಅಜ್ಜನಿಗೆ ಬರೆದುಕೊಟ್ಟಿದ್ದ ಪಥ್ಯದ ಚೀಟಿಯೇ ಮೊಮ್ಮಗನಿಗೂ ಜಾರಿಯಾಗಿತ್ತು: ತೊವ್ವೆ ಬೇಡ, ಮೊಟ್ಟೆ ಬೇಡ, ಮೀನು ಬೇಡ, ಬರೀ ಕುಚ್ಚಲಕ್ಕಿ ಗಂಜಿ. ಕಿಡ್ನಿ ಎಂದರೆ ಪ್ರೋಟೀನ್ ಕಡಿತವೆಂಬ ನಂಬಿಕೆ ಅಷ್ಟು ಬಲವಾಗಿದೆ. ಆದರೆ ಮಕ್ಕಳ ಮೂತ್ರಪಿಂಡ ತಜ್ಞರು ಹಾಗೂ ಆಹಾರತಜ್ಞರನ್ನೊಳಗೊಂಡ ಅಂತಾರಾಷ್ಟ್ರೀಯ ಕಾರ್ಯಪಡೆಯು 2020ರಲ್ಲಿ ನೀಡಿದ ಸಲಹೆ ಬೇರೆಯೇ. ಶಕ್ತಿಯ ಪ್ರಮಾಣ ಅದೇ ವಯಸ್ಸಿನ ಆರೋಗ್ಯವಂತ ಮಗುವಿನಷ್ಟೇ ಇರಬೇಕು. ಪ್ರೋಟೀನ್ ವಯೋಮಾನದ ಅಗತ್ಯಕ್ಕಿಂತ ಎಂದಿಗೂ ಕೆಳಗಿಳಿಯಬಾರದು. ಡಯಾಲಿಸಿಸ್‌ನಲ್ಲಿರುವ ಮಗುವಿಗಂತೂ ಸೋರಿಹೋದುದನ್ನು ತುಂಬಲು ಇನ್ನಷ್ಟು ಬೇಕು. ಉಪ್ಪಿನ ವಿಷಯವೂ ಹೀಗೆಯೇ. ಹುಟ್ಟುದೋಷವಿರುವ ಕೆಲವು ಮಕ್ಕಳ ಮೂತ್ರದಲ್ಲಿ ಉಪ್ಪು ಹರಿದುಹೋಗುತ್ತಿರುತ್ತದೆ; ಅವರಿಗೆ ವೈದ್ಯರು ಉಪ್ಪನ್ನು ಸೇರಿಸಲು ಹೇಳುತ್ತಾರೆ, ಮನೆಯವರು ಭಯದಿಂದ ತೆಗೆಯುತ್ತಾರೆ! ಎಳನೀರು, ಬಾಳೆಹಣ್ಣುಗಳ ಪೊಟ್ಯಾಸಿಯಂ, ಹಾಲಿನ ರಂಜಕ ಇವನ್ನು ರಕ್ತಪರೀಕ್ಷೆ ನೋಡಿಯೇ ನಿರ್ಧರಿಸಬೇಕು. ಕೋಲಾ ಪಾನೀಯ, ಸಂಸ್ಕರಿತ ಚೀಸ್‌ಗಳಲ್ಲಿ ಬೆರೆಸಿದ ರಂಜಕವು ಬೇಳೆಕಾಳಿನದಕ್ಕಿಂತ ಬಹಳ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ನಾವಾದರೋ ತೊವ್ವೆಯನ್ನು ನಿಲ್ಲಿಸಿ ಕೋಲಾ ಕೊಡಿಸುತ್ತೇವೆ.

ಬಾಯಿಯಿಂದ ಸಾಕಷ್ಟು ಸೇರದಿದ್ದಾಗ ಮೂಗಿನ ನಳಿಕೆಯ ಮೂಲಕ ಉಣಿಸುವುದನ್ನು ಅವಮಾನವೆಂದು ಎಣಿಸುವವರಿದ್ದಾರೆ. ಶಿಶುವಿಗೆ ಅದೇ ಊಟ. ಆಮ್ಲಾಂಶ ತಗ್ಗಿಸುವ ಬೈಕಾರ್ಬನೇಟ್ ಬಹಳ ಅಗ್ಗದ ಔಷಧ. ಅಮೆರಿಕೆಯಲ್ಲಿ 1993ರಲ್ಲಿಯೇ ಇಂತಹ ಮಕ್ಕಳಿಗೆ ಒಪ್ಪಿಗೆ ಪಡೆದ ಬೆಳವಣಿಗೆಯ ಹಾರ್ಮೋನು ಮಾತ್ರ ದಿನನಿತ್ಯದ ಚುಚ್ಚುಮದ್ದು, ಮಧ್ಯಮ ವರ್ಗಕ್ಕೂ ದುಬಾರಿ. ಅದನ್ನು ಆರಂಭಿಸುವ ಮುನ್ನ ಆಹಾರವೂ ಆಮ್ಲಾಂಶವೂ ಸರಿಯಾಗಿರಬೇಕು.

ಸರಕಾರಕ್ಕೆ ಮಕ್ಕಳ ಎತ್ತರದ ಬಗ್ಗೆ ಅರಿವಿಲ್ಲವೆನ್ನಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಶೇ. 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಷ್ಟು ದೊಡ್ಡ ಗುಂಪಿನಲ್ಲಿ ಮೂತ್ರಪಿಂಡ ಕೆಟ್ಟಿರುವ ಮಗು ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಅಂಗನವಾಡಿಯಲ್ಲಿ ಅದು ಊಟ ಸಾಲದ ಮಗು. ಮಹಾನಗರದ ನಮ್ಮ ಮನೆಗಳಲ್ಲಿ "ನಮ್ಮ ವಂಶವೇ ಕುಳ್ಳು" ಎಂಬ ಸಮಾಧಾನ. ಕುಂಠಿತ ಮಗುವಿಗೆ ಮೂತ್ರಪರೀಕ್ಷೆ, ರಕ್ತದೊತ್ತಡದ ಅಳತೆ, ಒಂದು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವ ಏರ್ಪಾಡಿಗೆ ಡಯಾಲಿಸಿಸ್ ಯಂತ್ರದ ವೆಚ್ಚವೇನೂ ತಗಲದು. ಯೋಜನೆಯ ಮೊದಲ ಮೆಟ್ಟಿಲು ಅಲ್ಲಿಯೇ ಇರಬೇಕಿತ್ತೆಂಬುದು ನಮ್ಮ ಅಭಿಪ್ರಾಯ.

ಅನೇಕ ಶಾಲೆಗಳ ಪ್ರಗತಿಪತ್ರದಲ್ಲಿ ಎತ್ತರಕ್ಕೊಂದು ಅಂಕಣವಿರುತ್ತದೆ. ಗಣಿತದ ಅಂಕ ನೋಡಿ ಸಹಿ ಹಾಕುವ ನಾವು ಅದನ್ನು ಓದುವುದಿಲ್ಲ. ಕಳೆದ ವರ್ಷದ ಪತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ, ಏರಿಕೆ ತೀರ ಕಡಿಮೆಯಿದ್ದಲ್ಲಿ ಆ ಎರಡು ಪತ್ರಗಳನ್ನೇ ಮಕ್ಕಳ ವೈದ್ಯರ ಮುಂದಿಡಬಹುದು.