ಆಫೀಸಿನ ಹತ್ತಿರವೇ ಮನೆ ಏಕೆ?

ಕೆಲಸಕ್ಕೆಂದು ಊರು ಬಿಟ್ಟು ಹೊರಟವರಿಗೆ ಎಲ್ಲರೂ ಮೊದಲು ಹೇಳುವ ಮಾತು ಒಂದೇ: ‘ಆಫೀಸಿಗೆ ಹತ್ತಿರ ಇರೋ ಹಾಗೆ ಮನೆ ನೋಡ್ಕೊಳ್ಳಿ.’ ಬಾಡಿಗೆ ಮನೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನವೂ ಹೋಗಿ ಬರುವವರ ಮುಖ ನೋಡಿದವರು ಇದನ್ನು ಅಲ್ಲಗಳೆಯಲಾರರು. ಆದರೆ ಇದೇ ಸಲಹೆಯನ್ನು ಮನೆ ಕೊಳ್ಳುವಾಗಲೂ ಪಾಲಿಸಿದರೆ ಎಡವುತ್ತೇವೆ ಎಂಬುದು ನನ್ನ ನಂಬಿಕೆ. ಆಫೀಸು ಇವತ್ತು ಇಲ್ಲಿರುತ್ತದೆ, ನಾಳೆ ಇನ್ನೆಲ್ಲೋ. ಇಪ್ಪತ್ತು ವರ್ಷದ ಸಾಲವನ್ನು ಅದರ ವಿಳಾಸಕ್ಕೆ ಕಟ್ಟಿಹಾಕುವುದು ಸರಿಯಲ್ಲ.

ಈ ಸಲಹೆ ಹುಟ್ಟಿದ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಬೆಂಗಳೂರಿಗೆ ಬಂದವು. ಇಪ್ಪತ್ತೆರಡಕ್ಕೆ ಗೇಟಿನ ಒಳಗೆ ಹೋದವರು ಐವತ್ತೆಂಟಕ್ಕೆ ಹಾರ ಹಾಕಿಸಿಕೊಂಡು ಹೊರಗೆ ಬರುತ್ತಿದ್ದರು. ಕಾರ್ಖಾನೆಯ ಪಕ್ಕದಲ್ಲೇ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ನಿವೃತ್ತಿಯ ಹೊತ್ತಿಗೆ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಸೈಟು. ಆ ತಲೆಮಾರಿನವರೂ ಸೈಟು ಹಿಡಿಯುವಾಗ ಕಾರ್ಖಾನೆಯ ಗೋಡೆಗೆ ಅಂಟಿಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಂಥದೇ ಇನ್ನೊಂದು ಕಾರ್ಖಾನೆ ಬಿಇಎಂಎಲ್ ಇರುವುದು ನಗರದ ಪೂರ್ವಕ್ಕೆ, ಹೊಸ ತಿಪ್ಪಸಂದ್ರದಲ್ಲಿ. ಅದರ ನೌಕರರ ದೊಡ್ಡ ಬಡಾವಣೆ ಎದ್ದದ್ದು ಇನ್ನೊಂದು ತುದಿಯ ರಾಜರಾಜೇಶ್ವರಿನಗರದಲ್ಲಿ. ನಿವೃತ್ತರಾದ ಮೇಲೆ ಬದುಕುವ ಜಾಗ ಎಂದೇ ಅವರು ಲೆಕ್ಕ ಹಾಕಿದ್ದರು.

ಈಗ ಕೆಲಸದ ನಕ್ಷೆಯೇ ನಿಂತಲ್ಲಿ ನಿಲ್ಲುತ್ತಿಲ್ಲ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಅದು ಊರಾಚೆಯ ಬಯಲು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಆಮೇಲೆ ಬೆಳ್ಳಂದೂರು, ಮಾರತ್ತಹಳ್ಳಿಯ ಹೊರವರ್ತುಲ ರಸ್ತೆ, ಅದಾದ ಮೇಲೆ ಹೆಬ್ಬಾಳ, ನಾಗವಾರ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಉತ್ತರಕ್ಕೆ ಇನ್ನೊಂದು ಅಲೆ. ಹದಿನೈದು ವರ್ಷ ಇಲ್ಲಿ ದುಡಿದವರು ಕಂಪನಿ ಬದಲಿಸುತ್ತಾ ಈ ನಾಲ್ಕೂ ದಿಕ್ಕು ಸುತ್ತಿರುತ್ತಾರೆ. ಕಂಪನಿ ಬದಲಿಸದಿದ್ದರೂ, ಗುತ್ತಿಗೆ ಮುಗಿದಾಗ ಕಂಪನಿಯೇ ಕಟ್ಟಡ ಬದಲಿಸಿರುತ್ತದೆ. 2020ರಲ್ಲಿ ಮನೆಯಿಂದಲೇ ಕೆಲಸ ಎಂದಾಗ, ಇನ್ನು ಇದೇ ಕಾಯಂ ಎಂದು ನಂಬಿ ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಮನೆ ಮಾಡಿಕೊಂಡವರಿಗೆ, ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂಬ ಮೇಲ್ ಬಂದದ್ದು ಆಮೇಲೆ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದೇ ಉದ್ಯಮವನ್ನು ನಂಬಿ ಬೆಳೆದ ಬಡಾವಣೆಯಲ್ಲಿ ಮನೆ ಬೆಲೆಯೂ ಬಾಡಿಗೆಯೂ ಆ ಉದ್ಯಮದ ಸಂಬಳದ ಮೇಲೆಯೇ ನಿಂತಿರುತ್ತವೆ. ಕಂಪನಿಗಳು ಜನರನ್ನು ತೆಗೆಯಲು ಶುರು ಮಾಡಿದರೆ ನಿಮ್ಮ ಕೆಲಸಕ್ಕೂ ಕುತ್ತು, ಮನೆಯನ್ನು ಬಾಡಿಗೆಗೆ ಕೊಡುವ ಅಥವಾ ಮಾರುವ ದಾರಿಗೂ ಕುತ್ತು, ಅದೂ ಒಂದೇ ತಿಂಗಳಲ್ಲಿ. ಸಂಬಳ ನಿಂತಾಗ ಆಸರೆಯಾಗಲಿ ಎಂದೇ ಅಲ್ಲವೇ ಜನ ಮನೆ ಕೊಳ್ಳುವುದು?

ಲೆಕ್ಕ ಬಿಡಿಸಿ ನೋಡೋಣ. ಹೊಸದಾಗಿ ಬಂದವರೊಬ್ಬರು 80 ಲಕ್ಷದ ಫ್ಲ್ಯಾಟು ಕೊಂಡು, 60 ಲಕ್ಷ ಸಾಲ ಮಾಡಿದರು ಎನ್ನಿ. ಶೇ. 8.5ರ ಬಡ್ಡಿ, 20 ವರ್ಷ. ತಿಂಗಳ ಕಂತು 52 ಸಾವಿರ ದಾಟುತ್ತದೆ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ 6 ಲಕ್ಷ ರೂಪಾಯಿ ಹೆಚ್ಚುಕಡಿಮೆ ರಿಜಿಸ್ಟ್ರೇಷನ್ ದಿನವೇ ಕೈಬಿಟ್ಟು ಹೋಗುತ್ತದೆ, ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ಮೂರು ವರ್ಷಕ್ಕೆ ಕೆಲಸ ಪುಣೆಗೋ ಹೈದರಾಬಾದಿಗೋ ಹೋಯಿತು. ಅಷ್ಟರಲ್ಲಿ ಕಟ್ಟಿದ್ದು ಸುಮಾರು 18.7 ಲಕ್ಷ, ಅಸಲಿಗೆ ಹೋದದ್ದು 4 ಲಕ್ಷಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಬಡ್ಡಿ. ಅದೇ ಫ್ಲ್ಯಾಟಿಗೆ 25 ಸಾವಿರ ಬಾಡಿಗೆ ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ 9 ಲಕ್ಷ. ಅಂದರೆ ಬಾಡಿಗೆದಾರನಿಗಿಂತ ಕೊಂಡವರು ಹೆಚ್ಚುಕಡಿಮೆ 12 ಲಕ್ಷ ಹೆಚ್ಚು ಕಳೆದಿರುತ್ತಾರೆ. ಮೊದಲು ಕೈಯಿಂದ ಹಾಕಿದ 20 ಲಕ್ಷಕ್ಕೆ ಬರಬಹುದಾಗಿದ್ದ ಬಡ್ಡಿ, ಮನೆ ಕಂದಾಯ, ಮಾರುವಾಗಿನ ಬ್ರೋಕರ್ ಕಮಿಷನ್ ಇದರಲ್ಲಿ ಸೇರಿಲ್ಲ. ಮೂರು ವರ್ಷದಲ್ಲಿ ಬೆಲೆ ಶೇ. 15ಕ್ಕಿಂತ ಸಾಕಷ್ಟು ಮೇಲೇರಿದರೆ ಮಾತ್ರ ಈ ಕೊಳ್ಳುವಿಕೆ ಬಾಡಿಗೆಗೆ ಸಮ. ಏಳೆಂಟು ವರ್ಷ ದಾಟಿದರೆ ಲೆಕ್ಕ ತಿರುಗುತ್ತದೆ. ಬಾಡಿಗೆ ಏರುತ್ತಾ ಹೋಗುತ್ತದೆ, ಕಂತು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕೆಲಸ ಬದಲಾದರೂ ಈ ಮನೆಯಲ್ಲೇ ಇರಬಹುದೇ ಎಂಬ ಪ್ರಶ್ನೆ ಮೊದಲು ಬರಬೇಕು. ಇರಬಹುದು ಎಂದಾದರೆ ಕೊಳ್ಳಿ.

ಹಾಗಾದರೆ ಜಾಗವನ್ನು ಯಾವುದರ ಮೇಲೆ ಆರಿಸುವುದು? ಸ್ಥಳ ಬಿಟ್ಟು ಕದಲದ ಸಂಗತಿಗಳ ಮೇಲೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನೀರು.

ಹಾವೇರಿಯಿಂದ ಬಂದು ಇಲ್ಲೇ ಕೆಲಸಕ್ಕೆ ಸೇರಿದ ಸೋದರಳಿಯನ ಜೊತೆ ವರ್ತೂರು ಕಡೆ ಒಂದು ಫ್ಲ್ಯಾಟು ನೋಡಲು ಹೋಗಿದ್ದೆ. ಮಾರಾಟದ ಹುಡುಗ ಕ್ಲಬ್ ಹೌಸು, ಈಜುಕೊಳ ತೋರಿಸುತ್ತಿದ್ದ. ನಾನು ಬಚ್ಚಲುಮನೆಯ ನಲ್ಲಿ ನೋಡಿದೆ. ಕೆಲವೇ ತಿಂಗಳು ಬಳಸಿದ ನಲ್ಲಿಯ ಬುಡದಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೂ ಏಳಲಿಲ್ಲ. ಆಳದ ಬೋರ್‌ವೆಲ್ಲಿನ ಗಡಸು ನೀರು. ಹೊರಗೆ ಬರುವಾಗ ಗೇಟಿನಲ್ಲಿದ್ದ ಸೆಕ್ಯೂರಿಟಿಯವರನ್ನು ಮಾತಾಡಿಸಿದೆವು. ಯಾದಗಿರಿ ಕಡೆಯವರು. ಟ್ಯಾಂಕರ್ ಬರುತ್ತದಾ ಎಂದು ಕೇಳಿದ್ದಕ್ಕೆ, ‘ಈಗೇನ್ರಿ ಸರ, ಮೂರ್ನಾಕ್ ಗಾಡಿ. ಬ್ಯಾಸಿಗ್ಯಾಗ ದಿನಾ ಎಂಟ್ಹತ್ತು ಬರ್ತಾವ’ ಎಂದರು. ಬಣ್ಣದ ಪುಸ್ತಿಕೆಯಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿತ್ತು. ಆ ಖರ್ಚು ಪ್ರತಿ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಬಂದು ಕೂರುತ್ತದೆ, ಸಾಲ ತೀರಿದ ಮೇಲೂ ನಿಲ್ಲುವುದಿಲ್ಲ.

2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬೆಲೆಗೆ ಜಿಲ್ಲಾಡಳಿತವೇ ಮಿತಿ ಹೇರಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರು, ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಸಲುವಾಗಿ. ದೊಡ್ಡ ಕೆಲಸವೇ ಅದು. ಆದರೆ ಬಡಾವಣೆಗೆ ಕಾವೇರಿ ಬಂತು ಎಂಬುದೂ ನೀವು ಕೊಳ್ಳುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿತು ಎಂಬುದೂ ಒಂದೇ ಅಲ್ಲ. ಜಲಮಂಡಳಿಯ ಹಿಂದಿನ ತಿಂಗಳ ಬಿಲ್ ತೋರಿಸಿ ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಂತೆಯೇ.

ನೀರಿನ ಇನ್ನೊಂದು ಮುಖ ಮಳೆಗಾಲದ್ದು. ಹಳೆಯ ಬೆಂಗಳೂರು ದಿಬ್ಬದ ಮೇಲಿದೆ, ಅದರ ನೀರು ಕಣಿವೆಗಳಲ್ಲಿ ಇಳಿದು ಕೆರೆಯಿಂದ ಕೆರೆಗೆ ರಾಜಕಾಲುವೆಗಳಲ್ಲಿ ಹರಿಯಬೇಕು. ಬೆಳ್ಳಂದೂರು ಕೆರೆ, ಅದರಾಚೆ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಐಟಿ ಕಚೇರಿಗಳೂ ಅವುಗಳನ್ನು ನಂಬಿದ ಮನೆಗಳೂ ಒತ್ತೊತ್ತಾಗಿ ಎದ್ದದ್ದು ಈ ಇಳಿಜಾರಿನ ಕೊನೆಯಲ್ಲೇ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಗೆ ತಂದರು. ಕೋಟಿಗಟ್ಟಲೆ ಕೊಟ್ಟವರ ಮನೆಗೂ ನೀರು ನುಗ್ಗಿತ್ತು. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರು, ಹತ್ತಿರದ ಕೆರೆ, ಕಾಲುವೆ ಕಾಣುತ್ತವೆ. ಫ್ಲ್ಯಾಟು ನೋಡಲು ಬಂದವರು ಅಡುಗೆಮನೆಯ ಗ್ರಾನೈಟಿಗೆ ಕೊಡುವ ಸಮಯದಲ್ಲಿ ಒಂದು ಪಾಲನ್ನಾದರೂ ಇದಕ್ಕೆ ಕೊಡಬೇಕು ಎಂದು ನಾನು ಬೇಡಿಕೊಳ್ಳುತ್ತೇನೆ.

ಕಾಗದಪತ್ರಗಳ ವಿಷಯವನ್ನು ವಕೀಲರಿಗೆ ಬಿಡುವುದೇ ಮೇಲು. ಎ ಖಾತೆಯೇ, ಬಿ ಖಾತೆಯೇ, ಇಸಿ (ಋಣಭಾರ ಪತ್ರ) ಸರಿಯಿದೆಯೇ, ರೇರಾದಲ್ಲಿ ನೋಂದಣಿಯಾಗಿದೆಯೇ, ಓಸಿ (ಸ್ವಾಧೀನಾನುಭವ ಪತ್ರ) ಸಿಕ್ಕಿದೆಯೇ. ಓಸಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಕಾಯಂ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಹೊರಗಿನಿಂದ ಬಂದವರೇ ಇಲ್ಲಿ ಹೆಚ್ಚು ಮೋಸ ಹೋಗುವುದು. ಊರಿನಲ್ಲಾದರೆ ಆ ಜಮೀನು ಯಾರದು, ಅಣ್ಣತಮ್ಮಂದಿರ ವ್ಯಾಜ್ಯ ಇದೆಯೇ ಎಂದು ಹೇಳುವವರು ಒಬ್ಬರಾದರೂ ಸಿಗುತ್ತಾರೆ. ಇಲ್ಲಿ ಆ ಮಾತು ಹೇಳುವವರಿಲ್ಲ.

ಆಫೀಸಿನ ಹತ್ತಿರ ಬೇಡವೆಂದರೆ ದೂರ ಹೋಗಿ ಎಂದಲ್ಲ. ಅಗ್ಗ ಎಂದು ಊರಾಚೆ ಕೊಂಡು, ಮಕ್ಕಳು ಮಲಗಿದ ಮೇಲೆ ಮನೆ ಸೇರುವ ಬದುಕನ್ನು ನಾನು ಯಾರಿಗೂ ಹಾರೈಸಲಾರೆ. ಆದ್ದರಿಂದಲೇ ಒಂದು ಕಚೇರಿಯ ಸಮೀಪಕ್ಕಿಂತ ಹಲವು ಕಡೆಗೆ ದಾರಿ ಇರುವ ಜಾಗ ಮೇಲು. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಕೆಲಸ ಚಲ್ಲಘಟ್ಟದ ಕಡೆ ಬಂದರೂ ವೈಟ್‌ಫೀಲ್ಡ್ ಕಡೆ ಹೋದರೂ ಮನೆ ಬದಲಿಸಬೇಕಿಲ್ಲ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಎರಡೂ ತುದಿಯನ್ನು ಸೇರಿಸಿದೆ. ಆದರೆ ಓಡುತ್ತಿರುವ ಮೆಟ್ರೊಗೆ ಮಾತ್ರ ಬೆಲೆ ಕೊಡಿ, ಬರಲಿರುವ ಮೆಟ್ರೊಗೆ ಬೇಡ. 2014ರಲ್ಲಿ ಒಪ್ಪಿಗೆ ಸಿಕ್ಕ ಎರಡನೇ ಹಂತದ ಹಳದಿ ಮಾರ್ಗದಲ್ಲಿ, ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ, ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ‘ಇನ್ನೆರಡು ವರ್ಷದಲ್ಲಿ ಮೆಟ್ರೊ’ ಎಂಬ ಮಾತಿಗೆ ದುಡ್ಡು ಕೊಟ್ಟವರು ಅಷ್ಟೂ ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾದರು.

ಇನ್ನು ‘ಆಫೀಸಿಗೆ ಹತ್ತಿರ’ ಎನ್ನುವಾಗ ಯಾರ ಆಫೀಸು ಎಂದು ಕೇಳಲೇಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಹೆಚ್ಚು ಸಂಬಳದವರ ಕಚೇರಿಯೇ ಲೆಕ್ಕಕ್ಕೆ ಬರುತ್ತದೆ, ಅದು ಬಹಳ ಸಲ ಗಂಡನದು. ಹೆಂಡತಿ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ, ಮಗು ಹುಟ್ಟಿದ ಮೇಲೆ ಆ ಓಡಾಟ ಆಗದೆ ಕೆಲಸ ಬಿಡುತ್ತಾಳೆ. ಅದನ್ನು ಎಲ್ಲರೂ ಅವಳದೇ ಆಯ್ಕೆ ಎನ್ನುತ್ತಾರೆ. ಮನೆ ಕೊಂಡ ದಿನವೇ ಆ ತೀರ್ಮಾನವೂ ಆಗಿಹೋಗಿತ್ತು. ಕೊಳ್ಳುವ ಮೊದಲು ಇಬ್ಬರ ದಾರಿಯನ್ನೂ ಸೋಮವಾರ ಬೆಳಿಗ್ಗೆ ಒಮ್ಮೆ ನಿಜವಾಗಿ ಹೋಗಿ ನೋಡುವುದು ಕಷ್ಟವೇನಲ್ಲ.

ಊರಿನಿಂದ ಬಂದು ಉಳಿಯುವ ಅಪ್ಪ ಅಮ್ಮನನ್ನೂ ನೆನೆಯಬೇಕು. ಹಿತ್ತಲು, ಜಗಲಿ, ಪಕ್ಕದ ಮನೆಯವರ ಮಾತು ಇವುಗಳಲ್ಲೇ ದಿನ ಕಳೆದವರನ್ನು ಹದಿನಾಲ್ಕನೇ ಮಹಡಿಯಲ್ಲಿ ಕೂರಿಸಿ ನಾವು ಕೆಲಸಕ್ಕೆ ಹೋಗುತ್ತೇವೆ. ಲಿಫ್ಟಿನಲ್ಲಿ ಇಳಿದರೂ ಅವರ ಕನ್ನಡಕ್ಕೆ ಮರುಮಾತು ಸಿಗದ ಕಾಂಪ್ಲೆಕ್ಸುಗಳಿವೆ. ಹತ್ತಿರದಲ್ಲೊಂದು ಗುಡಿ, ಪಾರ್ಕು, ನಡೆದು ಹೋಗಬಹುದಾದ ಅಂಗಡಿ, ಹೆಸರು ಹಿಡಿದು ಮಾತಾಡಿಸುವ ಹೂವಿನವರು ಇದ್ದರೆ ಅವರು ಇಲ್ಲಿ ನಾಲ್ಕು ತಿಂಗಳು ನಿಲ್ಲುತ್ತಾರೆ. ಇಲ್ಲದಿದ್ದರೆ ಹದಿನೈದು ದಿನಕ್ಕೇ ‘ಬಸ್ಸಿಗೆ ಹತ್ತಿಸಪ್ಪ’ ಎನ್ನುತ್ತಾರೆ. ಆ ಬಸ್ಸಿನ ದಾರಿಯೂ ಮುಖ್ಯ. ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಕಡೆಯವರು ದಾಸರಹಳ್ಳಿ, ಜಾಲಹಳ್ಳಿ, ಯಶವಂತಪುರದ ಸುತ್ತ, ಮಂಡ್ಯ, ಮೈಸೂರಿನವರು ಕೆಂಗೇರಿ, ರಾಜರಾಜೇಶ್ವರಿನಗರದ ಕಡೆ ಮನೆ ಹುಡುಕುವುದನ್ನು ಹಿಂದುಳಿದ ಅಭ್ಯಾಸವೆಂದು ನಗುವವರಿದ್ದಾರೆ. ನಾನು ಅದನ್ನು ವಿವೇಕ ಎನ್ನುತ್ತೇನೆ. ಅಪ್ಪನಿಗೆ ಎದೆನೋವು ಎಂದು ರಾತ್ರಿ ಫೋನು ಬಂದಾಗ, ನಗರವನ್ನು ಅಡ್ಡ ದಾಟದೆ ಹೆದ್ದಾರಿ ಹಿಡಿಯುವ ಮನೆಯ ಬೆಲೆ ಗೊತ್ತಾಗುತ್ತದೆ.

ಬಾಡಿಗೆ ದುಡ್ಡು ನೀರಿಗೆ ಹಾಕಿದಂತೆ, ಕಾಯುವಷ್ಟರಲ್ಲಿ ಬೆಲೆ ಕೈಗೆಟುಕದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಎರಡನೆಯ ಭಯಕ್ಕೆ ಆಧಾರವಿದೆ. ಬೆಂಗಳೂರಿನಲ್ಲಿ ಕಾದು ಕೆಟ್ಟವರನ್ನು ನಾನೂ ಬಲ್ಲೆ, ಅವರ ಕೊರಗು ಸುಳ್ಳಲ್ಲ. ಆದರೆ ನಾನು ಕೇಳುವುದು ಹತ್ತು ವರ್ಷದ ಕಾಯುವಿಕೆಯನ್ನಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ. ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಬಾಡಿಗೆಗೆ ಇದ್ದು ಅಷ್ಟು ಕಾಲ ಕಳೆದರೆ ನಲ್ಲಿ ಯಾವಾಗ ನಿಲ್ಲುತ್ತದೆ, ಯಾವ ತಿರುವಿನಲ್ಲಿ ನೀರು ಮೊಳಕಾಲಿಗೆ ಬರುತ್ತದೆ, ಸಂಜೆ ಎಂಟಕ್ಕೆ ಆಟೊ ಬರಲು ಒಪ್ಪುತ್ತದೆಯೇ ಎಂಬುದೆಲ್ಲ ತಿಳಿಯುತ್ತದೆ. ಇಡೀ ಒಂದು ವರ್ಷ ಎಂದುಕೊಂಡರೂ ಮೇಲಿನ ಲೆಕ್ಕದ ಪ್ರಕಾರ ಬಾಡಿಗೆ 3 ಲಕ್ಷ. ತಪ್ಪು ಮನೆಯನ್ನು ಕೊಂಡು, ಮಾರಿ, ಸರಿಯಾದದ್ದನ್ನು ಮತ್ತೆ ಕೊಳ್ಳಲು ನೋಂದಣಿಗೇ ಅದರ ಎರಡರಷ್ಟು ತೆರಬೇಕು. ಅವಸರ ಮಾಡಿಸುವವರಲ್ಲಿ ಹೆಚ್ಚಿನವರು ಮಾರುವವರು, ಸಾಲ ಕೊಡುವವರು, ಇಲ್ಲವೇ ತಾವು ಆಗಲೇ ಕೊಂಡುಬಿಟ್ಟವರು. ಸಹೋದ್ಯೋಗಿ ಕೊಂಡರು, ಊರಲ್ಲಿ ಕೇಳುತ್ತಾರೆ, ಮದುವೆ ಮಾತುಕತೆಯಲ್ಲಿ ‘ಸ್ವಂತ ಮನೆ ಇದೆಯಾ’ ಎನ್ನುತ್ತಾರೆ ಎಂಬ ಒತ್ತಡ ಸಣ್ಣದಲ್ಲ ನಿಜ. ಆದರೆ ಆ ಪ್ರಶ್ನೆ ಕೇಳಿದವರಾರೂ ಮುಂದಿನ 240 ಕಂತುಗಳಲ್ಲಿ ಒಂದನ್ನೂ ಕಟ್ಟುವುದಿಲ್ಲ.