ಉಣ್ಣಿ ಬಲಿಯುವ ಮೊದಲೇ ತಡೆಯಿರಿ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಘಟಪ್ರಭೆಯ ನೀರು ಹರಿದ ಕಡೆ ಕಬ್ಬು ಬಂತು, ಹಸಿರು ಮೇವು ಬಂತು. ಬೆನ್ನಿಗೇ ಹೆಚ್ಚು ಹಾಲು ಕೊಡುವ ಮಿಶ್ರತಳಿ ಆಕಳುಗಳೂ ಬಂದವು. ನಮ್ಮ ಖಿಲಾರಿ ದನ ತಡೆದುಕೊಳ್ಳುವಷ್ಟು ಉಣ್ಣಿಯ ಕಾಟವನ್ನು ಈ ಆಕಳುಗಳು ತಡೆಯಲಾರವು. ಆದ್ದರಿಂದ ಉಣ್ಣಿಯ ಬಗ್ಗೆ ವಿಜ್ಞಾನಿಗಳು ಕಂಡುಕೊಂಡ ಒಂದು ಸಂಗತಿಯನ್ನು ನೀವು ತಿಳಿದಿರುವುದು ಒಳ್ಳೆಯದು.

ಉಣ್ಣಿಗೆ ರಕ್ತವೊಂದೇ ಆಹಾರ. ರಕ್ತದಲ್ಲಿ 'ಬಿ' ಗುಂಪಿನ ಜೀವಸತ್ವಗಳು ತೀರ ಕಡಿಮೆ. ಆ ಕೊರತೆಯನ್ನು ತುಂಬಲು ನೆರವಾಗುವುದು ಉಣ್ಣಿಯ ಒಡಲಲ್ಲೇ ವಾಸಿಸುವ ಕಾಕ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ತಾಯಿ ಉಣ್ಣಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇದು ಬಳುವಳಿಯಾಗಿ ಬರುತ್ತದೆ. ಟೆಟ್ರಾಸೈಕ್ಲಿನ್ ಔಷಧದಿಂದ ಈ ಬ್ಯಾಕ್ಟೀರಿಯಾವನ್ನು ತಗ್ಗಿಸಿದರೆ ಏನಾಗುತ್ತದೆಂಬುದನ್ನು ಬ್ರೆಜಿಲಿನ ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತಾಯಿ ಉಣ್ಣಿ ಎಂದಿನಂತೆ ಮೊಟ್ಟೆ ಇಟ್ಟಿತು, ಮರಿಗಳೂ ಹೊರಬಂದವು. ಆದರೆ ಔಷಧದ ಪ್ರಭಾವದಲ್ಲಿದ್ದ ಒಂದು ಮರಿಯೂ ಪೂರ್ಣ ಬೆಳೆಯಲಿಲ್ಲ. ಎಲ್ಲವೂ ನಡುವಿನ ಹಂತದಲ್ಲೇ ನಿಂತವು.

"ಹಾಗಾದರೆ ಆಕಳಿಗೆ ಆ ಇಂಜೆಕ್ಷನ್ನನ್ನೇ ಮಾಡಿಸಿದರಾಯಿತಲ್ಲ?" ಎಂದು ನೀವು ಕೇಳಬಹುದು. ಖಂಡಿತ ಬೇಡ. ಮೈಮೇಲಿರುವ ಬಲಿತ ಉಣ್ಣಿ ಅದರಿಂದ ಸಾಯುವುದಿಲ್ಲ, ಮೊಟ್ಟೆ ಇಡುವುದನ್ನೂ ಬಿಡುವುದಿಲ್ಲ. ಔಷಧದ ಅಂಶ ಹಾಲಿಗೆ ಇಳಿಯುತ್ತದೆ. ಬೇಕಾಬಿಟ್ಟಿ ಬಳಸಿದರೆ ಬೇರೆ ರೋಗಾಣುಗಳು ಆ ಔಷಧಕ್ಕೆ ಜಗ್ಗದಂತಾಗುತ್ತವೆ.

ಟೆಟ್ರಾಸೈಕ್ಲಿನ್ ಜಾತಿಯ ಔಷಧ ನಿಜವಾಗಿ ಬೇಕಾಗುವುದು ಅನಾಪ್ಲಾಸ್ಮಾ ರೋಗಕ್ಕೆ. ಇದೂ ಉಣ್ಣಿ ತರುವ ಬ್ಯಾಕ್ಟೀರಿಯಾವೇ. ಆಕಳ ಕೆಂಪು ರಕ್ತಕಣಗಳಲ್ಲಿ ಸೇರಿಕೊಳ್ಳುತ್ತದೆ. ಜ್ವರ ಬಂದು, ಹಾಲು ಇಳಿದು, ಒಸಡು ಬಿಳಿಚಿಕೊಂಡರೆ ಅಥವಾ ಹಳದಿಯಾದರೆ ಅಂದೇ ಪಶುವೈದ್ಯರನ್ನು ಕರೆಯಿರಿ. ಮೂತ್ರ ಕೆಂಪಾಗಲಿಲ್ಲವೆಂದು ಸುಮ್ಮನಿರಬೇಡಿ; ಕೆಂಪು ಮೂತ್ರ ಬಬೇಸಿಯಾ ಎಂಬ ಬೇರೊಂದು ಉಣ್ಣಿ ಜ್ವರದ ಗುರುತು. ಒಂದೇ ಸೂಜಿಯನ್ನು ಹಲವು ದನಗಳಿಗೆ ಚುಚ್ಚಿದರೂ ಅನಾಪ್ಲಾಸ್ಮಾ ಹರಡುತ್ತದೆ.

ಬ್ರೆಜಿಲಿನ ಪರೀಕ್ಷೆಯಿಂದ ನಾವು ಕಲಿಯಬೇಕಾದ ಪಾಠ ಇಷ್ಟೇ: ಮರಿ ಬಲಿಯದಿದ್ದರೆ ಮುಂದಿನ ಪೀಳಿಗೆ ಇಲ್ಲ. ಇದನ್ನು ಇಂಜೆಕ್ಷನ್ ಇಲ್ಲದೆ ನಾವೇ ಸಾಧಿಸಬಹುದು. ದನದ ಮೈಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣಿ ಮರಿಯಾಗಿ ಹತ್ತಿ, ಸುಮಾರು 3 ವಾರಗಳಲ್ಲಿ ಬಲಿತು, ರಕ್ತ ತುಂಬಿಕೊಂಡು ನೆಲಕ್ಕೆ ಬಿದ್ದು 2ರಿಂದ 3 ಸಾವಿರ ಮೊಟ್ಟೆ ಇಡುತ್ತದೆ. ಬೀಳುವ ಮೊದಲೇ ಅದನ್ನು ಹಿಡಿಯಬೇಕು.

ಔಷಧ ಹೊಡೆಯುವ ದಿನ ಕರು, ಎತ್ತು, ಎಮ್ಮೆ ಸೇರಿ ಮನೆಯ ಎಲ್ಲ ದನಗಳಿಗೂ ಹೊಡೆಯಿರಿ. ಔಷಧ, ಅದರ ಪ್ರಮಾಣ ಮತ್ತು ಮತ್ತೆ ಹೊಡೆಯುವ ದಿನವನ್ನು ಪಶುವೈದ್ಯರಿಂದ ತಿಳಿಯಿರಿ. ಎಷ್ಟು ದಿನದ ಹಾಲು ಬಿಡಬೇಕೆಂಬುದನ್ನೂ ಕೇಳಿಕೊಳ್ಳಿ. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ವಾರಕ್ಕೊಮ್ಮೆ ನೋಡಿರಿ. ಕಿತ್ತ ಉಣ್ಣಿಯನ್ನು ಬೆರಳಲ್ಲಿ ಹಿಸುಕದೆ ಕುದಿಯುವ ನೀರಿಗೆ ಹಾಕಿರಿ.

ಇನ್ನೊಂದು ಜಾತಿಯ ಉಣ್ಣಿ ಗೋಡೆಯ ಬಿರುಕಿನಲ್ಲಿ ಅಡಗಿ ಕೂರುತ್ತದೆ. ಥೈಲೇರಿಯಾ ಜ್ವರ ತರುವುದು ಇದೇ. ಆದ್ದರಿಂದ ಕೊಟ್ಟಿಗೆಯ ಬಿರುಕು, ಗೋದಲಿಯ ಸಂದುಗಳನ್ನು ಮುಚ್ಚಿ ಸುಣ್ಣ ಬಳಿಯಿರಿ. ಕಸ, ಸೆಗಣಿಯನ್ನು ದೂರದ ತಿಪ್ಪೆಗೆ ಹಾಕಿರಿ. ಸಂತೆಯಿಂದ ತಂದ ದನವನ್ನು ಉಣ್ಣಿ ತೆಗೆಸಿ, 3 ವಾರ ಬೇರೆ ಕಟ್ಟಿ, ಆಮೇಲೆ ಒಳಗೆ ಸೇರಿಸಿರಿ.

ಒಬ್ಬರು ಮಾಡಿ ನೆರೆಯವರು ಬಿಟ್ಟರೆ ಉಣ್ಣಿ ಮತ್ತೆ ಬರುತ್ತದೆ. ಓಣಿಯವರೆಲ್ಲ ಮಾತಾಡಿಕೊಂಡು ಒಂದೇ ದಿನ ಈ ಕೆಲಸ ಹಿಡಿಯಿರಿ. ಇಂದು ನೆಲಕ್ಕೆ ಬೀಳುವ ಒಂದು ಉಣ್ಣಿಯನ್ನು ತಡೆದರೆ ನಾಳೆಯ ಸಾವಿರಾರು ಮರಿಗಳನ್ನು ತಡೆದಂತೆ.