ಏರೋಪ್ಲೇನ್ ಚಿಟ್ಟೆ ಇದ್ದರೆ ಡೆಂಗಿ ಬರುವುದಿಲ್ಲವೇ?

"ಏರೋಪ್ಲೇನ್ ಚಿಟ್ಟೆಯ ಆಯಸ್ಸು ಒಂದೇ ದಿನ. ಅಷ್ಟರಲ್ಲೇ ಅದು ನೂರಾರು ಸೊಳ್ಳೆ ತಿನ್ನುತ್ತದೆ. ಅದು ಹಾರಾಡುವ ಕಡೆ ಡೆಂಗಿ ಬರುವುದಿಲ್ಲ." ಮಳೆಗಾಲದಲ್ಲಿ ಇಂಥ ಸಂದೇಶಗಳು ನಮ್ಮ ಮೊಬೈಲ್‌ಗೂ ಬರುತ್ತವೆ, ನಾವೂ ನಾಲ್ಕು ಜನರಿಗೆ ಕಳಿಸುತ್ತೇವೆ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಒಂದೇ ದಿನದ ಬದುಕೇ?

ಅಲ್ಲ. ಮಳೆಗಾಲದಲ್ಲಿ ಒಂದು ದಿನ ಬೆಳಕು ಹರಿಯುವಾಗಲೇ ಕೆರೆ ದಂಡೆಗೆ ಹೋಗಿ ಜೊಂಡಿನ ಕಡ್ಡಿಗಳನ್ನು ಗಮನಿಸಿ. ಬೆನ್ನು ಸೀಳಿದ ಕಂದು ಬಣ್ಣದ ಒಣ ಪೊರೆಗಳು ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ಸತ್ತ ಹುಳುಗಳಂತೆ ಕಾಣುವ ಇವು ಏರೋಪ್ಲೇನ್ ಚಿಟ್ಟೆ ಕಳಚಿಟ್ಟ ಹಳೆಯ ಅಂಗಿಗಳು.

ಹೆಸರಿನಲ್ಲಿ ಚಿಟ್ಟೆ ಇದ್ದರೂ ಇದು ಚಿಟ್ಟೆಯ ಬಳಗದ್ದಲ್ಲ. ಇದರ ಮರಿ ಬೆಳೆಯುವುದು ನೀರಿನೊಳಗೆ. ಮಡಚಿಟ್ಟ ಕೆಳತುಟಿಯನ್ನು ಥಟ್ಟನೆ ಮುಂದೆ ಚಾಚಿ ಸೊಳ್ಳೆಮರಿ, ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತದೆ. ಮಳೆನೀರಿನ ಹೊಂಡದಲ್ಲಿ ಬೆಳೆಯುವ ಜಾತಿಗಳಿಗೆ ಒಂದೆರಡು ತಿಂಗಳು ಸಾಕು; ಚಳಿ ಪ್ರದೇಶದ ಕೆಲವು ಜಾತಿಗಳಿಗೆ ವರ್ಷಗಳೇ ಬೇಕು. ರೆಕ್ಕೆ ಬಂದ ಮೇಲೂ ಕೆಲವು ವಾರ ಬದುಕಬಲ್ಲದು.

ಪೊರೆ ಬಿಡುವ ಹೊತ್ತು ಬಂದಾಗ ಮರಿ ಕಡ್ಡಿ ಹಿಡಿದು ನೀರಿನಿಂದ ಮೇಲೇರುತ್ತದೆ. ಬೆನ್ನು ಬಿರಿದು ತಲೆ, ಎದೆ, ಕಾಲುಗಳು ಹೊರಬರುತ್ತವೆ. ಕಾಲು ಗಟ್ಟಿಯಾಗುವವರೆಗೆ ಕಾದು, ಬಾಲದಂಥ ಹೊಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಮುದುಡಿದ ರೆಕ್ಕೆಗಳಿಗೆ ದೇಹದ ದ್ರವ ನುಗ್ಗಿ ಅವು ಅರಳುತ್ತವೆ. ಮೊದಲು ಮಬ್ಬಾಗಿದ್ದು ಆಮೇಲೆ ಗಾಜಿನಂತೆ ಹೊಳೆಯುತ್ತವೆ. ಈ ಹೊತ್ತಿನಲ್ಲಿ ಅದು ಹಾರಿ ತಪ್ಪಿಸಿಕೊಳ್ಳಲಾರದು. ಒಮ್ಮೆ ಬೆರಳು ತಾಗಿದರೂ ರೆಕ್ಕೆ ಶಾಶ್ವತವಾಗಿ ಸೊಟ್ಟಗಾಗಬಹುದು. ಹಾಗಾಗಿ ನೋಡಿ, ಮುಟ್ಟಬೇಡಿ.

ಕುಟುಕುತ್ತದೆಯೇ?

ಇಲ್ಲ, ಅದಕ್ಕೆ ಮುಳ್ಳೇ ಇಲ್ಲ. ದೊಡ್ಡ ಜಾತಿಯದನ್ನು ಕೈಯಲ್ಲಿ ಹಿಡಿದರೆ ಕಚ್ಚಬಹುದು, ಆದರೆ ವಿಷವಿಲ್ಲ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಮಕ್ಕಳ ಆಟದಲ್ಲಿ ಅಪಾಯವಿರುವುದು ಅದಕ್ಕೇ ಹೊರತು ನಮಗಲ್ಲ.

ಡೆಂಗಿ ತಡೆಯುತ್ತದೆಯೇ?

ಸೊಳ್ಳೆ ತಿನ್ನುವುದು ನಿಜ. ಮ್ಯಾನ್ಮಾರ್‌ನ ಯಾಂಗೋನ್‌ನಲ್ಲಿ ಮನೆಗಳ ನೀರಿನ ತೊಟ್ಟಿಗಳಿಗೆ ಇದರ ಮರಿಗಳನ್ನು ಬಿಟ್ಟು ನೋಡಿದಾಗ ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಣನೀಯವಾಗಿ ಕಡಿಮೆಯಾಯಿತು ಎಂದು 1990ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆದರೆ ಅಲ್ಲಿ ಜನರೇ ಮರಿಗಳನ್ನು ಪದೇ ಪದೇ ತೊಟ್ಟಿಗೆ ಬಿಟ್ಟಿದ್ದರು. ತಾನಾಗಿ ಆದದ್ದಲ್ಲ.

ನಮ್ಮ ಮನೆಗಳ ಲೆಕ್ಕ ಬೇರೆ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ಡ್ರಮ್, ಹೂಕುಂಡದ ತಟ್ಟೆ, ಹಳೆಯ ಟೈರು, ತೆಂಗಿನ ಚಿಪ್ಪುಗಳಲ್ಲಿ, ಕೆರೆಯಲ್ಲಲ್ಲ. ಆ ಸೊಳ್ಳೆ ಮಂಚದಡಿ, ಪರದೆಯ ಹಿಂದೆ ಅಡಗಿರುತ್ತದೆ. ಏರೋಪ್ಲೇನ್ ಚಿಟ್ಟೆ ಬೇಟೆಯಾಡುವುದು ಬಯಲಿನ ಬಿಸಿಲಿನಲ್ಲಿ. ಇವೆರಡರ ಭೇಟಿಯೇ ಅಪರೂಪ.

ಸಮಯದ ಲೆಕ್ಕವೂ ಕೂಡುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಏರೋಪ್ಲೇನ್ ಚಿಟ್ಟೆಗೆ ತಿಂಗಳಿಗೂ ಹೆಚ್ಚು ಬೇಕು. ಅದು ಬರಲೆಂದು ಡ್ರಮ್ಮನ್ನು ತೆರೆದಿಟ್ಟರೆ ಅಷ್ಟರೊಳಗೆ ಹಲವು ತಲೆಮಾರಿನ ಸೊಳ್ಳೆಗಳು ಹಾರಿ ಹೋಗಿರುತ್ತವೆ.

ಹಾಗಾದರೆ ಏನು ಮಾಡಬೇಕು?

ನೀರಿನ ಪಾತ್ರೆಗಳನ್ನು ಮುಚ್ಚಿಡಿ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಅಲ್ಲಿ ಅಂಟಿದ ಈಡಿಸ್ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ಒಟ್ಟಿನಲ್ಲಿ, "ಒಂದೇ ದಿನ" ಎಂಬುದು ಸುಳ್ಳು, "ಸೊಳ್ಳೆ ತಿನ್ನುತ್ತದೆ" ಎಂಬುದು ನಿಜ, "ಡೆಂಗಿ ಬರುವುದಿಲ್ಲ" ಎಂಬುದು ಅಪಾಯಕಾರಿ ಭರವಸೆ. ಕೆರೆಯನ್ನು ಏರೋಪ್ಲೇನ್ ಚಿಟ್ಟೆಗೆ ಬಿಡೋಣ, ಮನೆಯ ಡ್ರಮ್ಮನ್ನು ನಾವೇ ನೋಡಿಕೊಳ್ಳೋಣ. ಮುಂದಿನ ಬಾರಿ ಆ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಹಿತ್ತಿಲಿಗೊಮ್ಮೆ ಹೋಗಿ ಬನ್ನಿ.